ಇನ್ನೂರ ಹನ್ನೊಂದು ಸಹಿಗಳು

ಸಂಚಿಕೆಯ ಸಂಪಾದಕ ಮಿತ್ರರು ಲೇಖನ ಬೇಕೆಂದು ಕೇಳಿದಾಗ, ಗಡಿನಾಡಿನ ಕನ್ನಡ ಶಾಲೆಗಳ ಕುರಿತೋ ನಮ್ಮೂರಿನ ತಾಳಮದ್ದಳೆಯ ಕುರಿತೋ ನಾನು ಬರೆದುಕೊಡುವೆನೆಂದು ಅವರು ನಿರೀಕ್ಷಿಸಿದ್ದರು. ಆ ಎರಡು ವಿಷಯಗಳ ಮೇಲೆ ಹಿಂದಿನ ಸಂಚಿಕೆಗಳಲ್ಲಿ ಬೇಕಾದಷ್ಟು ಬರೆದಿದ್ದೇನೆ. ತಾವು ಸಹಿಸಿಯೂ ಇದ್ದೀರಿ. ಈ ಸಲ ನನ್ನದೇ ಒಂದು ತಪ್ಪಿನ ಕುರಿತು ಬರೆಯುತ್ತೇನೆ. ವಿಷಯವು ಕಂಪ್ಯೂಟರಿಗೆ ಸಂಬಂಧಿಸಿದ್ದು. ಕಲಾವಿಭಾಗದ ಪದವಿಯನ್ನೂ ಬಿ.ಎಡ್. ಪದವಿಯನ್ನೂ ಕಂಪ್ಯೂಟರು ನಮ್ಮ ಕಡೆಗೆ ಬರುವುದಕ್ಕೆ ಬಹಳ ಮುಂಚೆಯೇ ಪಡೆದವನು ನಾನು. ಆದುದರಿಂದ ನನಗೆ ಅರ್ಥವಾದಷ್ಟನ್ನೇ, ಅರ್ಥವಾದ ರೀತಿಯಲ್ಲೇ ಹೇಳುತ್ತೇನೆ.

ನಮ್ಮ ಸಂಘದ ಗ್ರಂಥಾಲಯದ ಮೂಲೆಯಲ್ಲಿ ಒಂದು ಕಂಪ್ಯೂಟರು ಹಗಲಿರುಳೂ ನಡೆಯುತ್ತಿರುವುದನ್ನು ಸದಸ್ಯರೆಲ್ಲರೂ ಕಂಡಿದ್ದೀರಿ. ಅದನ್ನು ‘ಸರ್ವರ್’ ಎನ್ನುತ್ತಾರೆ. ಕಚೇರಿಯ ಇತರ ಯಂತ್ರಗಳು ತಮಗೆ ಬೇಕಾದುದನ್ನು ಅದರಿಂದ ಪಡೆಯುತ್ತವೆ, ಹೊಸದನ್ನು ಅದರಲ್ಲಿ ಇಡುತ್ತವೆ. ನಮ್ಮ ಸಂಘದ ಸಮಸ್ತ ಆಸ್ತಿ ಅದರೊಳಗಿದೆ ಎಂದರೆ ಅತಿಶಯೋಕ್ತಿಯಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಹಿರಿಯರು ಬರೆದ ಮನವಿಗಳ ಪ್ರತಿಗಳು, ಮಹಾಸಭೆಗಳ ನಡಾವಳಿ, ಹಳೆಯ ಸ್ಮರಣ ಸಂಚಿಕೆಗಳು, ಮನೆಮನೆಯಿಂದ ತಂದು ಸ್ಕ್ಯಾನ್ ಮಾಡಿಸಿದ ಪ್ರಸಂಗಗಳ ಹಸ್ತಪ್ರತಿಗಳು, ಅಜ್ಜಿಯಂದಿರ ಬಾಯಿಂದ ದಾಖಲಿಸಿಕೊಂಡ ಶೋಭಾನೆಗಳು ಎಲ್ಲವೂ ಅಲ್ಲಿವೆ. ಇವುಗಳನ್ನು ಏಳು ವಿಭಾಗಗಳಾಗಿ ಮಾಡಿ 01ರಿಂದ 07ರವರೆಗೆ ಸಂಖ್ಯೆ ಕೊಟ್ಟವನು ನಾನೇ. ಶಾಲೆಯ ಕಪಾಟುಗಳಿಗೆ ಸಂಖ್ಯೆ ಬರೆದು ಅಭ್ಯಾಸವಾದ ಕೈ.

ಪ್ರತಿ ರಾತ್ರಿ 11 ಗಂಟೆಗೆ ಆ ಯಂತ್ರವು ತಾನೇ ಎಚ್ಚೆತ್ತು, ಹೊಸದಾಗಿ ಸೇರಿದುದೆಲ್ಲವನ್ನೂ ಪಕ್ಕದಲ್ಲಿರುವ ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳುವಂತೆ ವ್ಯವಸ್ಥೆಯಾಗಿತ್ತು. ಇದೇ ‘ಬ್ಯಾಕಪ್’. ಅದನ್ನು ಸಜ್ಜುಗೊಳಿಸಿಕೊಟ್ಟವರು, ಬೆಳಗ್ಗೆ ಒಮ್ಮೆ ನೋಡಿಕೊಳ್ಳುವವರು ಯಾರಾದರೂ ಬೇಕು ಎಂದಿದ್ದರು. ನಿವೃತ್ತನಾದ ನನಗಿಂತ ಹೆಚ್ಚು ಬಿಡುವುಳ್ಳವರು ಯಾರು? ನಾನು ಒಂದು ನೋಟುಪುಸ್ತಕ ತಂದು, ಗೆರೆ ಎಳೆದು, ತಾರೀಕು, ವಿವರ, ಸಹಿ ಎಂದು ಮೂರು ಅಂಕಣ ಮಾಡಿದೆ. ಗ್ರಂಥಾಲಯದ ಬಾಗಿಲು ತೆರೆದೊಡನೆ ಯಂತ್ರದ ಮುಂಭಾಗದ ಸಣ್ಣ ಕೆಂಪು ದೀಪವನ್ನು ನೋಡುವುದು, ಅದು ಮಿಣುಕಿದರೆ ‘ಪ್ರತಿ ಆಗಿದೆ’ ಎಂದು ಬರೆದು ಸಹಿ ಹಾಕುವುದು ನನ್ನ ದಿನಚರಿಯಾಯಿತು. ಕಳೆದ ನವರಾತ್ರಿಯ ತರುವಾಯ ದೀಪವು ಮೊದಲಿಗಿಂತ ಹೆಚ್ಚು ಹೊತ್ತು ಮಿಣುಕತೊಡಗಿತು. ಬೆಳಗ್ಗೆ ಬಂದರೂ ಮಿಣುಕು, ಸಂಜೆ ಹೊರಡುವಾಗಲೂ ಮಿಣುಕು. ಸಂಘದ ಕೆಲಸ ಹೆಚ್ಚಿದೆ, ಆದುದರಿಂದ ಯಂತ್ರಕ್ಕೂ ಬಿಡುವಿಲ್ಲ ಎಂದು ನಾನು ಸಂತೋಷಪಟ್ಟೆ. ಕಾರ್ಯಕಾರಿ ಸಮಿತಿಯಲ್ಲಿ ಆ ಮಾತನ್ನು ಹೇಳಿಯೂ ಇದ್ದೆ.

ಆಟಿ ತಿಂಗಳಿನಲ್ಲಿ ಈ ಸಂಚಿಕೆಯ ಸಿದ್ಧತೆ ಆರಂಭವಾಯಿತು. ನಮ್ಮ ಬೆಳ್ಳಿಹಬ್ಬದ ಸಂಚಿಕೆಯ ಒಂದು ಪುಟವನ್ನು ಮರುಮುದ್ರಿಸಬೇಕೆಂದು ಸಂಪಾದಕರು ಕೇಳಿದರು. ನಾನು ಆ ಪುಟದ ಫೈಲನ್ನು ತೆರೆಯಹೋದೆ. ಯಂತ್ರವು ಸ್ತಬ್ಧವಾಯಿತು, ಬಹಳ ಹೊತ್ತಿನ ಮೇಲೆ ಓದಲಾಗುತ್ತಿಲ್ಲ ಎಂಬರ್ಥದ ಇಂಗ್ಲಿಷ್ ಸೂಚನೆಯೊಂದು ಬಂತು. ಅದಕ್ಕೇನು, ಪ್ರತಿ ಇದೆಯಲ್ಲ ಎಂದು ಪಕ್ಕದ ಡಿಸ್ಕನ್ನು ತೆರೆದರೆ, ಬೆಳ್ಳಿಹಬ್ಬದ ಸಂಚಿಕೆಯ ಮೊದಲ 40 ಪುಟಗಳು ಮಾತ್ರ ಅಲ್ಲಿದ್ದವು. ವಿಭಾಗ 05ರಲ್ಲಿ ನವರಾತ್ರಿಯ ಅನಂತರದ ಒಂದು ಫೋಟೋ ಇಲ್ಲ. 06ರಲ್ಲಿ ಹೊಸ ಹಸ್ತಪ್ರತಿಗಳಿಲ್ಲ. 07ನ್ನು ತೆರೆಯುವಾಗ ನನ್ನ ಕೈ ನಡುಗಿತು; ಕಾರಣವನ್ನು ಮುಂದೆ ಹೇಳುತ್ತೇನೆ. ಅಲ್ಲಿಯೂ ಇರಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಂಗಳೂರಿನಲ್ಲಿ ಇಂಥ ಸರ್ವರುಗಳನ್ನು ನೋಡಿಕೊಳ್ಳುವ ಉದ್ಯೋಗದಲ್ಲಿದ್ದಾಳೆ. ಏಳನೆಯ ತರಗತಿಯಲ್ಲಿ ಕಾಗುಣಿತ ತಪ್ಪಿದ್ದಕ್ಕೆ ನನ್ನಿಂದ ಬೈಸಿಕೊಂಡವಳು. ಫೋನಿನಲ್ಲಿ ಎಲ್ಲವನ್ನೂ ಕೇಳಿ, “ಮಾಷ್ಟ್ರೇ, ಈಗ ಅದನ್ನು ಬಂದ್ ಮಾಡಿ. ಯಾರೂ ಮುಟ್ಟುವುದು ಬೇಡ, ರಿಪೇರಿ ಅಂತ ಏನೂ ಮಾಡ್ಬೇಡಿ. ಭಾನುವಾರ ನಾನು ಬರ್ತೇನೆ” ಎಂದಳು. ಬೆಳಗಿನ ರೈಲಿನಲ್ಲಿ, ತನ್ನ ತಂದೆಯವರನ್ನೂ ಕರೆದುಕೊಂಡು ಬಂದಳು.

ಆಕೆ ಮೊದಲು ಕೇಳಿದ್ದು, “ಇದರ ಲಾಗ್ ಎಲ್ಲಿ ಉಂಟು ಮಾಷ್ಟ್ರೇ?” ಎಂದು. ಯಂತ್ರವು ರಾತ್ರಿ ತಾನು ಮಾಡಿದ ಕೆಲಸವನ್ನು ಸಾಲುಸಾಲಾಗಿ ಬರೆದಿಡುವ ದಿನಚರಿಯೇ ಲಾಗ್. ನಮ್ಮ ವ್ಯವಸ್ಥೆಯಲ್ಲಿ ಅದನ್ನು ಬರೆಯಿಸುವ ಏರ್ಪಾಡೇ ಇರಲಿಲ್ಲ. ನಾನು ನನ್ನ ನೋಟುಪುಸ್ತಕವನ್ನು ಮುಂದಿಟ್ಟೆ. ಆಕೆ ಪುಟ ತಿರುವಿ ನೋಡಿದಳು, ಏನೂ ಹೇಳಲಿಲ್ಲ. ಯಂತ್ರವನ್ನು ಕೆಲವೇ ನಿಮಿಷ ಚಾಲೂ ಮಾಡಿ ನಕಲು ಮಾಡುವ ಆಜ್ಞೆಯನ್ನು ನನ್ನ ಕಣ್ಣೆದುರಿಗೇ ನಡೆಸಿದಳು. ಹೆಸರುಗಳು ಓಡುತ್ತಾ ಬಂದು, ವಿಭಾಗ 04ರಲ್ಲಿ, ಬೆಳ್ಳಿಹಬ್ಬದ ಸಂಚಿಕೆಯ 41ನೆಯ ಪುಟದಲ್ಲಿ ನಿಂತವು. ‘ದೋಷ 23’ ಎಂಬರ್ಥದ ಒಂದು ಸಾಲು. ಅದರ ಕೆಳಗೆ, 30 ಸೆಕೆಂಡು ಕಾಯುತ್ತಿದ್ದೇನೆ ಎಂದು ಇನ್ನೊಂದು. 30 ಸೆಕೆಂಡು ಕಳೆಯಿತು. ಪುನಃ ಪ್ರಯತ್ನ, ಪುನಃ ಅದೇ ದೋಷ, ಪುನಃ 30 ಸೆಕೆಂಡು.

“ಎಷ್ಟು ಸಲ ಹೀಗೆ?” ಎಂದು ಕೇಳಿದೆ.

“ನಾವು ಬೇರೆ ಹೇಳದಿದ್ದರೆ 10 ಲಕ್ಷ ಸಲ.”

ತಮಾಷೆಯೆಂದುಕೊಂಡೆ. ತಮಾಷೆಯಲ್ಲ. ವಿಂಡೋಸ್ ಯಂತ್ರಗಳಲ್ಲಿರುವ ‘ರೋಬೋಕಾಪಿ’ ಎಂಬ ಆ ಸಾಧನಕ್ಕೆ ಬೇರೆ ಸೂಚನೆ ಇಲ್ಲದಿದ್ದರೆ, ಓದಲಾಗದ ಒಂದು ಫೈಲಿನ ಎದುರು 30 ಸೆಕೆಂಡಿಗೊಮ್ಮೆಯಂತೆ 10 ಲಕ್ಷ ಬಾರಿ ಬಾಗಿಲು ತಟ್ಟುವುದೇ ಅದರ ಸ್ವಭಾವ. ನಾನು ಹಾಳೆ ತೆಗೆದು ಲೆಕ್ಕ ಹಾಕಿದೆ: 3 ಕೋಟಿ ಸೆಕೆಂಡು, ಅಂದರೆ 347 ದಿನ. ರಾತ್ರಿಯ ಕೆಲಸವನ್ನು ಆರಂಭಿಸುವ ಇನ್ನೊಂದು ವ್ಯವಸ್ಥೆಯು ಮೂರು ದಿನ ಮುಗಿಯದ ಕೆಲಸವನ್ನು ತಾನೇ ನಿಲ್ಲಿಸಿಬಿಡುತ್ತದೆ. ಮರುರಾತ್ರಿ ಮತ್ತೆ ಮೊದಲಿನಿಂದ ಆರಂಭ. ಮತ್ತೆ ಬಂದು ನಿಲ್ಲುವುದು ಅದೇ 41ನೆಯ ಪುಟದ ಹೊಸ್ತಿಲಲ್ಲಿ. ವಿಭಾಗಗಳನ್ನು ಅದು ಸಂಖ್ಯೆಯ ಕ್ರಮದಲ್ಲಿ ನೋಡುತ್ತದಾದ್ದರಿಂದ 05, 06, 07ರ ಬಾಗಿಲಿಗೆ ಒಂಬತ್ತು ತಿಂಗಳು ಹೋಗಿಯೇ ಇರಲಿಲ್ಲ. ನಾನು ಪ್ರತಿದಿನ ಕಂಡ ಮಿಣುಕು ಕೆಲಸದ ಮಿಣುಕಲ್ಲ, ಹಲುಬುವಿಕೆಯದು.

ನೋಟುಪುಸ್ತಕದಲ್ಲಿ ನವರಾತ್ರಿಯಿಂದೀಚೆಗೆ ‘ಪ್ರತಿ ಆಗಿದೆ’ ಎಂದು ಬರೆದು ನಾನು ಹಾಕಿದ್ದ ಸಹಿಗಳನ್ನು ಆ ದಿನ ಎಣಿಸಿದೆ. 211. ಮುಖ್ಯೋಪಾಧ್ಯಾಯನಾಗಿದ್ದಾಗ ಒಮ್ಮೆ, ತಲೆಯೆತ್ತಿ ಮಕ್ಕಳ ಮುಖ ನೋಡದೆ ಹಾಜರಿ ಪುಸ್ತಕ ತುಂಬಿದ ಒಬ್ಬ ಎಳೆಯ ಅಧ್ಯಾಪಕನನ್ನು ಕಚೇರಿಗೆ ಕರೆಸಿ ಖಂಡಿಸಿದ್ದೆ. ಅವನ ಕಣ್ಣಲ್ಲಿ ನೀರು ಬಂದಿತ್ತು. ಅವನೀಗ ಎಲ್ಲಿದ್ದಾನೋ.

ಇನ್ನು 07ರ ಕುರಿತು. ನನ್ನ ಅಕ್ಕ ಈ ಭಾಗದ ಮದುವೆಮನೆಗಳಲ್ಲಿ ಐವತ್ತು ವರ್ಷ ಶೋಭಾನೆ ಹೇಳಿದವಳು. ಎಷ್ಟು ಸಲ ಕೇಳಿದರೂ, ಯಂತ್ರದ ಎದುರು ಹಾಡಲು ನಾಚಿಕೆ ಎನ್ನುತ್ತಿದ್ದಳು. ಕಳೆದ ದೀಪಾವಳಿಯಂದು ತಾನಾಗಿಯೇ, “ಆ ಪೆಟ್ಟಿಗೆ ತಾ ಮಾರಾಯ, ಇವತ್ತು ಹೇಳ್ತೇನೆ” ಎಂದಳು. ಎರಡು ಗಂಟೆ ಹಾಡಿದಳು. ಧ್ವನಿಯನ್ನು ಸರ್ವರಿಗೆ ಹಾಕಿ, ಪ್ರತಿ ಆಗಿದೆಯೆಂದು ಮರುದಿನ ಬರೆದು, ಸಣ್ಣ ರೆಕಾರ್ಡರಿನ ಕಾರ್ಡನ್ನು ಮುಂದಿನ ಮನೆಗಾಗಿ ಖಾಲಿ ಮಾಡಿದೆ. ಪುಷ್ಯದಲ್ಲಿ ಅಕ್ಕ ತೀರಿಕೊಂಡಳು. ಆ ಎರಡು ಗಂಟೆಗಳು ಲೋಕದಲ್ಲಿ ಒಂದೇ ಕಡೆ ಇದ್ದವು, ಅದೂ ಕೆಡುತ್ತಿರುವ ಡಿಸ್ಕಿನಲ್ಲಿ.

ಫೈಲು ಕೆಡುವುದೆಂದರೇನೆಂದು ನಾನು ಕೇಳಿದ್ದಕ್ಕೆ ಆ ಮಗು ಹೇಳಿದ್ದನ್ನು ಹೀಗೆ ಸಂಗ್ರಹಿಸುತ್ತೇನೆ. ಡಿಸ್ಕಿನ ತಟ್ಟೆಯು ಸೆಕ್ಟರ್ ಎಂಬ ಸಣ್ಣ ಸಣ್ಣ ಮನೆಗಳಾಗಿ ಭಾಗವಾಗಿದೆ. ಪ್ರತಿ ಮನೆಯಲ್ಲಿ ಅಕ್ಷರಗಳ ಜೊತೆಗೆ, ಜಮಾಖರ್ಚಿನ ಪುಟದ ಕೆಳಗೆ ಮೊತ್ತ ಬರೆದಂತೆ ಒಂದು ತಾಳೆಯ ಅಂಕವೂ ಇರುತ್ತದೆ. ಓದುವಾಗ ಅಂಕ ತಾಳೆಯಾಗದಿದ್ದರೆ ಡಿಸ್ಕು ತಪ್ಪನ್ನು ಸರಿಪಡಿಸಲೆತ್ನಿಸುತ್ತದೆ; ಆಗದಿದ್ದರೆ ಕೊಡುವುದಿಲ್ಲ ಎಂದುಬಿಡುತ್ತದೆ. ನಮ್ಮ 41ನೆಯ ಪುಟದಲ್ಲಿ ಆದದ್ದು ಇದು. ಡಿಸ್ಕಿಗೆ ವಯಸ್ಸಾಗಿತ್ತು. ಅದರ ಮೇಲೆ ನಮ್ಮ ಮಳೆಗಾಲದ ಕರೆಂಟು, ಮತ್ತು ಬ್ಯಾಟರಿ ಸತ್ತು ವರ್ಷವಾದರೂ ಯಾರೂ ಬದಲಿಸದ ಯು.ಪಿ.ಎಸ್. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಬರೆದದ್ದು ಅರ್ಧಕ್ಕೆ ನಿಲ್ಲುತ್ತದೆ.

ಇನ್ನೊಂದು ಬಗೆಯ ಕೆಡುಕಿದೆ. ನನ್ನ ಮಟ್ಟಿಗೆ ಅದೇ ಹೆಚ್ಚು ಭಯಾನಕ. ಒಳಗಿನ ಅಕ್ಷರ ತಪ್ಪಾಗಿರುತ್ತದೆ, ಆದರೆ ಯಂತ್ರಕ್ಕೆ ಓದಲು ಏನೂ ಅಡ್ಡಿಯಿಲ್ಲ. ಅದು ಸದ್ದಿಲ್ಲದೆ ತಪ್ಪನ್ನೇ ನಕಲು ಮಾಡುತ್ತದೆ. ಹಳೆಯ ಓಲೆಗರಿಗಳ ಕೊನೆಯಲ್ಲಿ, ಇದ್ದಂತೆ ಬರೆದಿದ್ದೇನೆ, ತಪ್ಪಿದ್ದರೆ ದೋಷ ನನ್ನದಲ್ಲ ಎಂಬ ಅರ್ಥದ ಮಾತನ್ನು ಲಿಪಿಕಾರರು ಬರೆಯುತ್ತಿದ್ದುದು ನಮ್ಮಲ್ಲಿ ಹಸ್ತಪ್ರತಿ ಕಂಡವರಿಗೆಲ್ಲ ಗೊತ್ತು. ಲಿಪಿಕಾರರಲ್ಲಿ ಎರಡು ಜಾತಿ: ಅಕ್ಷರ ಕಾಣದ ಗರಿಯ ಮುಂದೆ ಲೇಖನಿ ಹಿಡಿದು ಕುಳಿತುಬಿಡುವವನು ಒಬ್ಬ, ಕಂಡದ್ದನ್ನು ಅರ್ಥ ನೋಡದೆ ಗೀಚುವವನು ಇನ್ನೊಬ್ಬ. ನಮ್ಮ ಯಂತ್ರದಲ್ಲಿ ಇಬ್ಬರೂ ಇದ್ದಾರೆ. ಬೇಕಾದವನು ಮೂರನೆಯವನು. ಅವನು ಕಾಣದ ಗರಿಯ ಸಂಖ್ಯೆಯನ್ನು ಬೇರೆ ಬರೆದಿಟ್ಟುಕೊಂಡು, ಯಜಮಾನನಿಗೆ ತಿಳಿಸಿ, ಮುಂದಿನ ಗರಿಗೆ ಹೋಗುತ್ತಾನೆ.

ಸಮಿತಿಯ ಒಬ್ಬ ಮಿತ್ರರು, ಡಿಸ್ಕ್ ತಪಾಸಣೆ ಮಾಡಿಸಿ ಸರಿಪಡಿಸುವ ಆಜ್ಞೆಯೊಂದಿದೆಯಲ್ಲ, ಮೊದಲು ಅದನ್ನೇ ಕೊಡೋಣ ಎಂದು ಸೂಚಿಸಿದರು. ಆಕೆ ಒಪ್ಪಲಿಲ್ಲ. ಆ ತಪಾಸಣೆಯು ಡಿಸ್ಕಿನ ಮೂಲೆಮೂಲೆಯನ್ನೂ ಓದಿ ತಿದ್ದಿ ಬರೆಯುತ್ತದೆ. ಸಾಯುತ್ತಿರುವ ಡಿಸ್ಕು ಆ ಶ್ರಮದಲ್ಲೇ ಸಾಯಬಹುದು, ತಿದ್ದುವ ಭರದಲ್ಲಿ ಮುರಿದ ಫೈಲುಗಳ ಚೂರುಗಳು ಹೆಸರು ಕಳೆದುಕೊಳ್ಳಬಹುದು. “ಮೊದಲು ಒಳಗಿದ್ದದ್ದನ್ನು ಹೊರಗೆ ತರುವ. ರಿಪೇರಿ ಆಮೇಲೆ” ಎಂದಳು. ಬೆಂಕಿ ಬಿದ್ದ ಮನೆಗೆ ಸುಣ್ಣ ಬಳಿಯಲು ಹೊರಟಿದ್ದೆವು ನಾವು.

ಅಂದು ಮಧ್ಯಾಹ್ನ ಹೊಸ ಡಿಸ್ಕೊಂದನ್ನು ಜೋಡಿಸಿ, ಪೆನ್‌ಡ್ರೈವಿನಿಂದ ಲಿನಕ್ಸ್ ಚಾಲೂ ಮಾಡಿ, ‘ಡಿಡಿರೆಸ್ಕ್ಯೂ’ ಎಂಬ ಸಾಧನವನ್ನು ಓಡಿಸಿದಳು. ಅದರ ಕ್ರಮ ನನಗೆ ಬಹಳ ಮೆಚ್ಚುಗೆಯಾಯಿತು. ಅದು ಮೊದಲು ಸುಲಭವಾಗಿ ಓದಬರುವುದನ್ನೆಲ್ಲ ನಕಲು ಮಾಡುತ್ತದೆ. ಕಷ್ಟ ಬಂದಲ್ಲಿ ಹಠ ಹಿಡಿಯದೆ ಜಿಗಿದು ಮುಂದೆ ಹೋಗುತ್ತದೆ. ಒಳ್ಳೆಯದೆಲ್ಲ ಕ್ಷೇಮವಾದ ಬಳಿಕವೇ ಹಿಂದಿರುಗಿ ಕಷ್ಟದ ಜಾಗಗಳನ್ನು ಚೂರುಚೂರಾಗಿ ಓದಲೆತ್ನಿಸುತ್ತದೆ. ಎಲ್ಲಿ ಏನಾಯಿತೆಂಬ ನಕ್ಷೆಯನ್ನು ಜೊತೆಗೇ ಬರೆಯುತ್ತಾ ಹೋಗುತ್ತದೆ. ಪರೀಕ್ಷೆಗೆ ಕೂರುವ ಮಕ್ಕಳಿಗೆ ನಾನು ಮೂವತ್ತು ವರ್ಷ ಹೇಳಿದ್ದೂ ಇದನ್ನೇ, ಕೇಳಿದವರು ಕಡಿಮೆ. ರಾತ್ರಿ 3 ಗಂಟೆಗೆ ಮಳೆಯ ಅಬ್ಬರದಲ್ಲಿ ಕರೆಂಟು ಹೋಯಿತು. ಎಲ್ಲ ಮುಗಿಯಿತೆಂದು ನಾನು ಕತ್ತಲಲ್ಲಿ ಕುಳಿತಿದ್ದೆ. ಕರೆಂಟು ಬಂದ ಮೇಲೆ ಆಕೆ ನಕ್ಷೆಯನ್ನು ತೋರಿಸಿ ಆಜ್ಞೆ ಕೊಟ್ಟಳು, ಬಿಟ್ಟಲ್ಲಿಂದಲೇ ಕೆಲಸ ಮುಂದುವರಿಯಿತು. ಆಕೆಯ ತಂದೆ ಬೆಂಚಿನ ಮೇಲೆ ನಿದ್ದೆ ಹೋಗಿದ್ದರು.

ಮರುದಿನ ಮಧ್ಯಾಹ್ನಕ್ಕೆ ಲೆಕ್ಕ ಸಿಕ್ಕಿತು. ಪ್ರತಿಯಿಲ್ಲದ ಫೈಲುಗಳಲ್ಲಿ 14ನ್ನುಳಿದು ಎಲ್ಲವೂ ಪೂರ್ಣವಾಗಿ ಬಂದಿದ್ದವು. ಹಳೆಯ ಕೆಲವು ಫೈಲುಗಳೂ ಡಿಸ್ಕಿನಲ್ಲಿ ಕೆಟ್ಟಿದ್ದವು. ಆದರೆ ಅವುಗಳ ಗಾತ್ರವಾಗಲಿ ತಾರೀಕಾಗಲಿ ಬದಲಾಗದ ಕಾರಣ ರೋಬೋಕಾಪಿ ಅವುಗಳನ್ನು ಮತ್ತೆ ಮುಟ್ಟಿರಲಿಲ್ಲ, ಹಳೆಯ ಪ್ರತಿ ಸ್ವಚ್ಛವಾಗಿಯೇ ಉಳಿದಿತ್ತು. ಆ 14ರಲ್ಲಿ 11 ಪುಟಗಳ ಚಿತ್ರಗಳು, ಮೂರು ಧ್ವನಿಗಳು. ನಮ್ಮ ಪುಟಗಳು ಜೆಪಿಇಜಿ ರೂಪದವು, ಜಾಗ ಉಳಿಸಲು ಒತ್ತಿ ಮಡಚಿದವು. ಅಲ್ಲಿ ನಡುವೆ ಒಂದು ಕೊಂಡಿ ಕಳಚಿದರೆ ಮುಂದಿನದರ ಅರ್ಥವೂ ಕೆಡುತ್ತದೆ. 41ನೆಯ ಪುಟದಲ್ಲಿ ಮೇಲಿನ ಐದು ಸಾಲು ಮಾತ್ರ ಕಾಣುತ್ತದೆ, ಕೆಳಗೆ ಬರಿಯ ಬೂದು ಬಣ್ಣ. ಧ್ವನಿಯ ಫೈಲುಗಳು ಮಡಚದೆ ಇಟ್ಟವು, ವೇವ್ ಎಂಬ ಜಾತಿಯವು. ಅವುಗಳಲ್ಲಿ ಕಳೆದುಹೋದಷ್ಟೇ ಕಳೆದುಹೋಗುತ್ತದೆ. ಒಂದು ಸೆಕೆಂಡಿನ ಧ್ವನಿಗೆ ಸುಮಾರು 1,76,400 ಬೈಟುಗಳು ಎಂದು ಆಕೆ ಲೆಕ್ಕ ಹೇಳಿದಳು. ಅಕ್ಕನ ಹಾಡಿನಲ್ಲಿ ನಾಲ್ಕು ಸೆಕೆಂಡು ಹೋಗಿತ್ತು.

ಅಕ್ಕನ ಮಗಳನ್ನು ಬರಹೇಳಿ, ಸಂಜೆ ಅದನ್ನು ಹಾಕಿದೆವು. ಮೂರನೆಯ ಹಾಡು, ಮದುಮಗಳನ್ನು ಹೊಸ್ತಿಲು ದಾಟಿಸುವ ಸಂದರ್ಭದ್ದು. ನಡುವೆ ಧ್ವನಿ ನಿಂತಿತು. ಆ ಮೌನದಲ್ಲಿ, ಯಾರೂ ಹೇಳದೆಯೇ, ನನ್ನ ಸೊಸೆ ಆ ಸಾಲನ್ನು ಹೇಳಿ ಮುಗಿಸಿದಳು. ಅಷ್ಟರಲ್ಲಿ ಅಕ್ಕನ ಧ್ವನಿ ಮುಂದಿನ ಸಾಲಿಗೆ ಬಂದು ಕೂಡಿಕೊಂಡಿತು. “ನನಗೆ ಬರ್ತದೆ ಅಂತ ನನಗೇ ಗೊತ್ತಿರಲಿಲ್ಲ ಮಾಮ” ಎಂದಳು. ನಾನು ಕನ್ನಡಕ ಒರೆಸಿಕೊಂಡೆ. ಆ ನಾಲ್ಕು ಸೆಕೆಂಡುಗಳನ್ನು ಸೊಸೆಯ ಧ್ವನಿಯಿಂದ ತುಂಬೋಣವೆಂಬ ಸಲಹೆ ಬಂತು. ನಾನು ಬೇಡವೆಂದೆ. ಸೊಸೆಯ ಹಾಡು ಬೇರೆ ಫೈಲಿನಲ್ಲಿರಲಿ, ಅಕ್ಕನದು ಅಕ್ಕನದಾಗಿಯೇ ಇರಲಿ.

ಒಂದನೆಯ ಗುಣವರ್ಮನ ‘ಶೂದ್ರಕ’ ನಮಗೆ ಸಿಕ್ಕಿಲ್ಲ. 13ನೆಯ ಶತಮಾನದ ಮಲ್ಲಿಕಾರ್ಜುನನಂಥವರು ತಮ್ಮ ಸಂಕಲನಗಳಿಗೆ ಎತ್ತಿಕೊಂಡ ಪದ್ಯಗಳಿಂದ ಮಾತ್ರ ಅದರ ಗುರುತು ಉಳಿದಿದೆ. ತರಗತಿಯಲ್ಲಿ ಇದನ್ನು ಪಾಠವಾಗಿ ಎಷ್ಟೋ ಬಾರಿ ಹೇಳಿದ್ದೆ. ಬೇರೊಂದು ಕೈಯಲ್ಲಿ ಬೇರೊಂದು ಪ್ರತಿ ಇರುವುದೆಂದರೇನೆಂದು ಆ ಸಂಜೆ ತಿಳಿಯಿತು.

ಈಗಿನ ವ್ಯವಸ್ಥೆಯನ್ನು ಸದಸ್ಯರಿಗೆ ವರದಿ ಮಾಡುವುದು ನನ್ನ ಕರ್ತವ್ಯ. ಎರಡು ಸಲ ಪ್ರಯತ್ನಿಸಿ, ಆಗದಿದ್ದರೆ ಹೆಸರು ಬರೆದು ಮುಂದೆ ಹೋಗುವಂತೆ ಯಂತ್ರಕ್ಕೆ ಆಜ್ಞೆಯಾಗಿದೆ, ಲಾಗ್ ಬರೆಯಲಾಗುತ್ತಿದೆ. ಯು.ಪಿ.ಎಸ್.ಗೆ ಹೊಸ ಬ್ಯಾಟರಿ ಬಂದಿದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬುದು ಈ ವೃತ್ತಿಯವರ ನಿಯಮವಂತೆ. ಅದರಂತೆ ಮೂರನೆಯ ಪ್ರತಿಯು ಇನ್ನೊಂದು ಊರಿನ ಸದಸ್ಯರ ಮನೆಯ ಕಪಾಟಿನಲ್ಲಿದೆ, ತಿಂಗಳಿಗೊಮ್ಮೆ ಮಾತ್ರ ಇಲ್ಲಿಗೆ ಬಂದು ಹೋಗುತ್ತದೆ. ಮೂಲದಲ್ಲಿ ಅಳಿಸಿದ್ದನ್ನು ಪ್ರತಿಯಲ್ಲಿಯೂ ಅಳಿಸಿಬಿಡುವ ಕನ್ನಡಿ ಪದ್ಧತಿಯನ್ನು ಬೇಡವೆಂದು ಬಿಟ್ಟಿದ್ದೇವೆ. ಪ್ರತಿ ಫೈಲಿಗೂ ಅದರ ಒಳಗಿನಿಂದಲೇ ಲೆಕ್ಕ ಹಾಕಿದ 64 ಅಕ್ಷರಗಳ ಒಂದು ಮುದ್ರೆಯನ್ನು ತೆಗೆದು ಪಟ್ಟಿಯಲ್ಲಿಟ್ಟಿದ್ದಾಳೆ. ಒಳಗೆ ಒಂದು ಚುಕ್ಕಿ ಬದಲಾದರೂ ಮುದ್ರೆ ಪೂರಾ ಬೇರೆಯಾಗುತ್ತದೆ. ಸದ್ದಿಲ್ಲದೆ ಕೆಡುವ ಆ ಎರಡನೆಯ ಬಗೆಯನ್ನು ಹಿಡಿಯಲು ಇದೇ ದಾರಿ.

ನೋಟುಪುಸ್ತಕವೂ ಮುಂದುವರಿದಿದೆ. ಅಂಕಣಗಳು ಬದಲಾಗಿವೆ. ಪ್ರತಿ ತಿಂಗಳ ಮೊದಲ ಭಾನುವಾರ, ಪ್ರತಿಯ ಡಿಸ್ಕಿನಿಂದ ಯಾವುದಾದರೂ ಮೂರು ಫೈಲು ಹೊರತೆಗೆದು, ಬೇರೆ ಕಂಪ್ಯೂಟರಿನಲ್ಲಿ ತೆರೆದು, ಪುಟವಾದರೆ ಕೊನೆಯ ಸಾಲನ್ನು, ಹಾಡಾದರೆ ಕೊನೆಯ ನುಡಿಯನ್ನು ನನ್ನ ಕೈಯಾರೆ ಬರೆಯುತ್ತೇನೆ. ಅದನ್ನು ಬರೆದ ಮೇಲೆಯೇ ಸಹಿ.

ಕೊನೆಯಲ್ಲಿ ಒಂದು ವಿಜ್ಞಾಪನೆ; ಈ ಲೇಖನ ಬರೆದ ಕಾರಣವೂ ಅದೇ. ಕೆಟ್ಟ 11 ಪುಟಗಳಲ್ಲಿ ಏಳು ಹಸ್ತಪ್ರತಿಗಳವು. ಅವುಗಳ ಮೂಲ ಕಪಾಟಿನಲ್ಲಿತ್ತು, ಪುನಃ ಸ್ಕ್ಯಾನ್ ಮಾಡಿದೆವು. ಉಳಿದ ನಾಲ್ಕು, ಬೆಳ್ಳಿಹಬ್ಬದ ಸಂಚಿಕೆಯ 41ರಿಂದ 44ರವರೆಗಿನ ಪುಟಗಳು. ಎಲ್ಲವೂ ಕಂಪ್ಯೂಟರಿಗೆ ಸೇರಿತು, ಇನ್ನು ಗೆದ್ದಲಿಗೆ ಜಾಗ ಕೊಡುವುದೇಕೆ ಎಂದು ಸಂಘದ ಬಳಿಯಿದ್ದ ಆ ಸಂಚಿಕೆಯ ಏಕೈಕ ಪ್ರತಿಯನ್ನು ಹಳೆಯ ಕಾಗದದ ಜೊತೆ ತೂಕಕ್ಕೆ ಹಾಕಲಾಯಿತು. ಆ ನಿರ್ಣಯವನ್ನು ಅನುಮೋದಿಸಿದವನು ನಾನು. ಸಂಘದ ಸ್ಥಾಪಕ ಸದಸ್ಯರ ಹೆಸರು, ಮನೆ, ಊರುಗಳ ಪಟ್ಟಿ ಆ ಪುಟಗಳಲ್ಲಿತ್ತು. ಐದು ಹೆಸರುಗಳು ಮಾತ್ರ ಈಗ ಓದಬರುತ್ತವೆ. ತಮ್ಮ ಮನೆಯ ಅಟ್ಟದಲ್ಲಿ, ಅಜ್ಜನ ಟ್ರಂಕಿನಲ್ಲಿ, ದೇವರ ಕೋಣೆಯ ಪಂಚಾಂಗಗಳ ಅಡಿಯಲ್ಲಿ ದಯವಿಟ್ಟು ಹುಡುಕಿ ನೋಡಿರಿ. ಹಸಿರು ರಟ್ಟು, ಮುಖಪುಟದಲ್ಲಿ ಕಾಲುದೀಪದ ಚಿತ್ರ. ರಟ್ಟು ಹೋಗಿದ್ದರೂ, ಅಂಚು ಹುಳು ತಿಂದಿದ್ದರೂ ಚಿಂತೆಯಿಲ್ಲ. ಪುಸ್ತಕವನ್ನು ಸಂಘಕ್ಕೆ ಕೊಡಬೇಕಾಗಿಲ್ಲ. ತಿಳಿಸಿದರೆ ಸ್ಕ್ಯಾನರನ್ನು ಹೊತ್ತು ನಾವೇ ಬರುತ್ತೇವೆ, ಪುಸ್ತಕ ತಮ್ಮ ಮನೆಯಲ್ಲಿಯೇ ಇರಲಿ.